ವಾರದಲ್ಲಿ ಒಂದು ಗಂಟೆ

ಟ್ಯಾಬ್ಲೆಟ್ ಕಂಪ್ಯೂಟರ್ ಹಿಡಿದ ಹುಡುಗಿಯೊಬ್ಬಳು ಮಂಗಳವಾರ ಬೆಳಿಗ್ಗೆ ಬಂದು ಬಾಗಿಲು ತಟ್ಟಿದಾಗ ಮನೆಯಲ್ಲಿದ್ದವರು ಇಬ್ಬರೇ. ಗುಂಡಿಯಜ್ಜಿ ಮುಂದಿನ ಕೋಣೆಯಲ್ಲಿ ಕಾಲು ಚಾಚಿಕೊಂಡು ಬಟಾಣಿ ಬಿಡಿಸುತ್ತಿದ್ದಳು. ಅವಳ ಮಗ ಹಿತ್ತಲಲ್ಲಿ ಪಕ್ಕದ ಮನೆಯವರ ನೀರಿನ ಪಂಪನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಹಳೆಯ ಚಾದರದ ಮೇಲೆ ಸಾಲಾಗಿ ಜೋಡಿಸಿಕೊಂಡು ಕೂತಿದ್ದ. ಸೊಸೆ ಆಸ್ಪತ್ರೆಯ ಲಾಂಡ್ರಿಗೂ ಮೊಮ್ಮಗಳು ಎಲೆಕ್ಟ್ರಿಷಿಯನ್ ತರಗತಿಗೂ ಹೋಗಿಯಾಗಿತ್ತು.

ಅಜ್ಜಿಗೆ ಆ ಹೆಸರು ಬಂದದ್ದು ಅಂಗಿ ಕಾರ್ಖಾನೆಯಿಂದ. ಅಲ್ಲಿ ಮೂವತ್ತೊಂದು ವರ್ಷ ಅವಳು ಗುಂಡಿ ಹಾಕಿದ್ದಳು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಗುಂಡಿ ನೋಡುವ ಚಟ ಇನ್ನೂ ಬಿಟ್ಟಿರಲಿಲ್ಲ.

"ಮೇಲಿಂದ ಎರಡನೇದು," ಎಂದಳು ಬಾಗಿಲು ತೆರೆದವಳೇ. "ಇವತ್ತೋ ನಾಳೆಯೋ ಉದುರತ್ತೆ, ನೋಡ್ಕೋ."

ಹುಡುಗಿ ತನ್ನ ಅಂಗಿಯ ಗುಂಡಿ ಮುಟ್ಟಿಕೊಂಡು ನಕ್ಕಳು. "ಅಜ್ಜಿ, ಸರ್ಕಾರದ ಸಮೀಕ್ಷೆ. ಮನೇಲಿ ಯಾರ್ಯಾರು ಏನೇನು ಕೆಲಸ ಮಾಡ್ತಾರೆ ಅಂತ ಬರ್ಕೋಬೇಕು. ಹೆಸರು ಬೇಡ, ಯಾವ ಆಫೀಸಿಗೂ ತೋರ್ಸಲ್ಲ. ಹತ್ತು ನಿಮಿಷ ಸಾಕು."

"ಕೂತ್ಕೋ ತಾಯಿ. ಬಟಾಣಿ ಬಿಡಿಸ್ತಾ ಮಾತಾಡು, ಕೈ ಯಾಕೆ ಖಾಲಿ ಇರ್ಬೇಕು?"

"ಕೈಯಲ್ಲಿ ಇದಿದೆಯಲ್ಲ ಅಜ್ಜಿ."

"ಅದಕ್ಕೆ ಒಂದು ಬೆರಳು ಸಾಕು. ಮಿಕ್ಕ ಒಂಬತ್ತು ಏನು ಮಾಡ್ತಿವೆ?"

ಸೊಸೆಯ ವಿಷಯ ಬೇಗ ಮುಗಿಯಿತು, ಮೊಮ್ಮಗಳದ್ದೂ ಮುಗಿಯಿತು. ಆಮೇಲೆ ಹುಡುಗಿ ಕೇಳಿದಳು, "ಕಳೆದ ವಾರ ನಿಮ್ಮ ಮಗ ದುಡ್ಡು ಬರೋ ಕೆಲಸ ಏನಾದ್ರೂ ಮಾಡಿದ್ರಾ? ಒಂದು ಗಂಟೆಯಾದ್ರೂ ಸರಿ."

ಅಜ್ಜಿಯ ಹೆಬ್ಬೆರಳು ಬಟಾಣಿಯ ಸಿಪ್ಪೆಯೊಳಗೇ ನಿಂತಿತು. ಹಿತ್ತಲಿಂದ ಸ್ಪ್ಯಾನರಿನ ಸದ್ದು ಕೇಳುತ್ತಿತ್ತು.

ಆ ಬೀದಿ ಪಂಪ್ ಕಾರ್ಖಾನೆಯವರ ಬೀದಿ. ಕಾರ್ಖಾನೆ ಮುಚ್ಚಿ ಆರು ತಿಂಗಳಾಗಿತ್ತು. ಆದರೂ ಅಲ್ಲಿ ಯಾರ ಬಾಯಲ್ಲೂ 'ಕೆಲಸ ಹೋಯಿತು' ಎಂಬ ಮಾತು ಬರುತ್ತಿರಲಿಲ್ಲ. 'ಶಿಫ್ಟ್ ಬದಲಾಗಿದೆ' ಎನ್ನುತ್ತಿದ್ದರು. ಬಹಳ ಹಿಂದೆ ಮೊದಲ ಸಲ ಮೂವತ್ತು ಜನರನ್ನು ತೆಗೆದಾಗ, ಹಾಗೆಂದು ಬರೆಯಲು ಕೈಬಾರದೆ ಗೇಟಿನ ಗುಮಾಸ್ತ ಬೋರ್ಡಿನ ಮೇಲೆ 'ಶಿಫ್ಟ್ ಬದಲಾವಣೆ' ಎಂದು ಬರೆದಿದ್ದನಂತೆ. ಅಂದಿನಿಂದ ಅದೇ ಮಾತು ಬೀದಿಯಲ್ಲಿ ಉಳಿದಿತ್ತು. ಬೆಳಿಗ್ಗೆ ಹತ್ತಕ್ಕೆ ಮನೆ ಮುಂದೆ ಹಲ್ಲುಜ್ಜುತ್ತ ನಿಂತ ಗಂಡಸನ್ನು ಕಂಡರೆ ದಾರಿಹೋಕರು ಏನೂ ಕೇಳದೆ ಮುಂದೆ ಹೋಗುತ್ತಿದ್ದರು.

"ಒಂದು ಗಂಟೆ!" ಎಂದಳು ಅಜ್ಜಿ. "ನನ್ನ ಮಗನ್ನ ಏನಂದ್ಕೊಂಡೆ ನೀನು? ಕೈ ನಿಂತ್ರೆ ಜ್ವರ ಬರತ್ತೆ ಅವನಿಗೆ. ಐವತ್ತು ಗಂಟೆ ಅಂತ ಬರ್ಕೋ."

"ಅದಕ್ಕೆ ದುಡ್ಡು ಸಿಗತ್ತಾ?"

ಕಳೆದ ವಾರ ಕ್ಷೌರದಂಗಡಿಯ ಫ್ಯಾನು ಸರಿಮಾಡಿದ್ದಕ್ಕೆ ಮಗನಿಗೆ ಬಿಟ್ಟಿ ಕ್ಷೌರ ಸಿಕ್ಕಿತ್ತು. ಇವತ್ತಿನ ಪಂಪಿಗೆ ಪಕ್ಕದ ಮನೆಯಾಕೆ ಆಗಲೇ ಆರು ಮೊಟ್ಟೆ ಕಳಿಸಿದ್ದಳು. "ಸಿಗದೆ ಏನು?" ಎಂದಳು ಅಜ್ಜಿ, ಬಟಾಣಿಯ ಕಡೆ ನೋಡುತ್ತ.

"ಹಾಗಾದ್ರೆ ಸ್ವಂತ ಉದ್ಯೋಗ," ಎಂದು ಹುಡುಗಿ ಬೆರಳಿಂದ ಒಮ್ಮೆ ಒತ್ತಿದಳು. ಆ ಮಾತು ಅಜ್ಜಿಯ ಕಿವಿಗೆ ಬಹಳ ಹಿತವಾಗಿತ್ತು. "ಮತ್ತೆ ನೀವು? ಕೆಲಸ ಹುಡುಕ್ತಿದ್ದೀರಾ?"

"ನಾನಾ? ನನ್ನ ಪಾಲಿನ ಗುಂಡಿ ಹಾಕಿ ಮುಗಿಸಿದ್ದೀನಿ ತಾಯಿ."

ಹುಡುಗಿ ಎದ್ದಳು. ಈ ಬೀದಿಯಲ್ಲಿ ಎಂಟು ಮನೆ ಆರಿಸಿದ್ದಾರೆ, ಮೂರು ತಿಂಗಳಾದ ಮೇಲೆ ಇದೇ ಮನೆಗಳಿಗೆ ಮತ್ತೆ ಬರುತ್ತೇನೆ ಎಂದು ಹೇಳಿ ಹೋದಳು. ಅವಳು ಗೇಟು ದಾಟುವುದೇ ತಡ, ಗೋಡೆಯಾಚೆಯಿಂದ ವೆಲ್ಡರನ ಹೆಂಡತಿಯ ತಲೆ ಮೇಲೆದ್ದಿತು.

"ಏನು ಕೇಳಿದ್ಳು ಅಜ್ಜಿ? ನಮ್ಮ ಮನೆಗೂ ಬರ್ತಾಳಂತೆ. ಏನು ಹೇಳೋದು?"

"ಏನು ಹೇಳೋದು ಅಂದ್ರೆ? ನಿನ್ನ ಗಂಡ ಕೈ ಕಟ್ಕೊಂಡು ಕೂತಿದಾನಾ? ಮೊನ್ನೆ ಯಾರದೋ ಗೇಟಿಗೆ ವೆಲ್ಡಿಂಗ್ ಮಾಡ್ಲಿಲ್ವಾ? ಅದನ್ನೇ ಹೇಳು. ನಮ್ಮದು ಸೋಮಾರಿಗಳ ಬೀದಿ ಅಂತ ಊರೆಲ್ಲ ಓದೋದು ಬೇಡ."

ಅಜ್ಜಿಯ ಮಾತಿಗೆ ಬೀದಿಯಲ್ಲಿ ತೂಕವಿತ್ತು. ಮಧ್ಯಾಹ್ನದೊಳಗೆ ಅದು ಎಂಟು ಮನೆಗೂ ತಲುಪಿತು.

ಮಗ ಇಪ್ಪತ್ತೆರಡು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವನು. ಬೀದಿಯಲ್ಲಿ ಅವನನ್ನು ಟರ್ನರ್ ಎಂದೇ ಕರೆಯುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಅಂಥವನಿಗೆ ಈಗ ಅಡುಗೆಮನೆಯನ್ನು ಒಪ್ಪಿಸಿದ ಹಾಗಾಗಿತ್ತು.

ಸೊಸೆ ನಾಲ್ಕು ಗಂಟೆಗೆ ಬಂದು, ಬಿಸಿನೀರಲ್ಲಿ ಕೆಂಪಾದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕಪಾಟು ತೆರೆದಳು. "ಉಪ್ಪೆಲ್ಲಿ?"

"ಎಡಗಡೆಯಿಂದ ನಾಲ್ಕನೇದು."

"ಅಲ್ಲಿರೋದು ಸಕ್ಕರೆ."

"ಹಾಗಾದ್ರೆ ಐದನೇದು. ಡಬ್ಬಿಗಳನ್ನ ಮುಚ್ಚಳದ ಅಳತೆ ಮೇಲೆ ಜೋಡಿಸಿದ್ದೀನಿ. ಚಿಕ್ಕದರಿಂದ ದೊಡ್ಡದಕ್ಕೆ."

"ರೀ, ನಾನು ಅಳತೆ ನೋಡಿ ಅಡುಗೆ ಮಾಡ್ತೀನಾ? ಹದಿನೆಂಟು ವರ್ಷದಿಂದ ಉಪ್ಪು ಒಲೆ ಪಕ್ಕದಲ್ಲಿತ್ತು!"

"ಒಲೆ ಪಕ್ಕ ಇಟ್ರೆ ನೀರು ಬಿಡತ್ತೆ."

"ಬಿಡ್ಲಿ! ನಂಗೂ ಕಣ್ಣಲ್ಲಿ ನೀರು ಬಿಡತ್ತೆ, ನನ್ನನ್ನೂ ಎತ್ತಿ ಬೇರೆ ಕಡೆ ಇಡಿ!"

ಮೊಮ್ಮಗಳು ಚಹಾ ಲೋಟದೊಳಗೆ ನಕ್ಕು ಕೆಮ್ಮಿದಳು. ಹದಿನೇಳರ ಆ ಹುಡುಗಿಗೆ ಮನೆಯಲ್ಲಿ ವಕೀಲೆ ಎಂದು ಹೆಸರು. "ಅಮ್ಮ, ಅಪ್ಪನ್ನ ಮನೇಲಿ ಬಿಟ್ಟು ಹೋಗೋದು ಅಪಾಯ. ನಿನ್ನೆ ಗೋಡೆ ಗಡಿಯಾರ ಬಿಚ್ಚಿದ್ರು, ಇವತ್ತು ಡಬ್ಬಿ. ನಾಳೆ ಅಜ್ಜಿ ಸರದಿ."

"ಬಿಚ್ಚಲಿ ಬಿಡು," ಎಂದಳು ಅಜ್ಜಿ. "ಮಂಡಿಗೆ ಒಂದಿಷ್ಟು ಎಣ್ಣೆ ಬೇಕಾಗಿದೆ."

ಎಲ್ಲರೂ ನಕ್ಕರು, ಟರ್ನರ್ ಒಬ್ಬನ ಹೊರತು. ಅವನು ಕಿಟಕಿಗೂ ಬಾಗಿಲಿಗೂ ನಡುವೆ ಓಡಾಡುತ್ತಿದ್ದ. ಕೂತರೆ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು, ನಿಂತರೆ ಕಾಲು. ಅವನ ತಲೆಯಲ್ಲಿದ್ದದ್ದು ಒಂದೇ, ಶೆಡ್ಡು. ಮುಚ್ಚಿ ಈಗ ಕೋರ್ಟಿನ ವಶದಲ್ಲಿದ್ದ ಕಾರ್ಖಾನೆಯ ಹಿಂದೆ ರಿಪೇರಿ ಶೆಡ್ಡೊಂದಿತ್ತು, ಅದರಲ್ಲಿ ನಾಲ್ಕು ಲೇತ್ ಯಂತ್ರ. ಅದನ್ನು ಬಾಡಿಗೆಗೆ ಪಡೆದು ತಾವೇ ನಡೆಸುವುದೆಂದು ಆರು ಜನ ಹಳೆಯ ಕೆಲಸಗಾರರು ಕೋರ್ಟಿಗೆ ಅರ್ಜಿ ಹಾಕಿದ್ದರು. ತಾರೀಖಿಗೆ ಇನ್ನೂ ಐದು ತಿಂಗಳಿತ್ತು. ಅಲ್ಲಿವರೆಗೆ ನಿರುದ್ಯೋಗ ಭತ್ಯೆಯೇ ಆಧಾರ. ಜಿಲ್ಲೆಯಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನ ಕೆಲಸವಿಲ್ಲದೆ ಇದ್ದರೆ ಭತ್ಯೆ ಒಂದು ವರ್ಷ ಬರುತ್ತಿತ್ತು. ಆ ಜಿಲ್ಲೆಯಲ್ಲಿ ಅಷ್ಟು ಇದ್ದರು. ಹಾಗಾಗಿ ಅವನು ಕಾಯಬಲ್ಲವನಾಗಿದ್ದ.

ಭಾನುವಾರದ ಊಟದ ಹೊತ್ತಿಗೆ ಸರಿಯಾಗಿ ಅಳಿಯನ ಫೋನು ಬರುತ್ತಿತ್ತು. ಅಜ್ಜಿಯ ಮಗಳನ್ನು ಕೊಟ್ಟಿದ್ದು ದಕ್ಷಿಣದ ಜಿಲ್ಲೆಗೆ. ಅಳಿಯ ಅಲ್ಲಿ ಬಾಟ್ಲಿಗೆ ಪಾನೀಯ ತುಂಬುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಅವನ ದನಿಗೆ ಸ್ಪೀಕರಿನ ಅಗತ್ಯವೇ ಇರಲಿಲ್ಲ.

"ಅತ್ತೆ, ಆರಾಮಾ? ಎಲ್ಲಿ ನಮ್ಮ ಟರ್ನರ್? ಏನಯ್ಯಾ, ಯಾವಾಗ ಬರ್ತೀಯ? ಇಲ್ಲಿ 'ಜನ ಬೇಕಾಗಿದ್ದಾರೆ' ಅಂತ ಬೋರ್ಡು ಹಾಕಿ ಹಾಕಿ ಬಣ್ಣವೇ ಹೋಯ್ತು. ನಮ್ಮ ಕಡೆ ನೂರಕ್ಕೆ ಮೂರು ಜನಕ್ಕೆ ಕೆಲಸ ಇಲ್ಲ, ಆ ಮೂವರೂ ನನ್ನ ನೆಂಟರೇ!"

"ಬಂದು ಏನು ಮಾಡ್ಲಿ ಭಾವ? ಬಾಟ್ಲಿಗೆ ಮುಚ್ಚಳ ಒತ್ಲಾ?"

"ಒತ್ತು! ಮುಚ್ಚಳ ಒತ್ತಿದ ಕೈಗೂ ಸಂಬಳ ಕೊಡ್ತಾರೆ."

ಫೋನಿಟ್ಟ ಮೇಲೆ ಸೊಸೆ ಆಲೂಗಡ್ಡೆಯನ್ನು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದಳು. "ನಿಮ್ಮ ಭಾವ ಹೇಳೋದ್ರಲ್ಲಿ ತಪ್ಪೇನಿದೆ?"

"ನಾನು ಹೋದ್ರೆ ಶೆಡ್ಡಿಗೆ ಐದೇ ಜನ. ಕೋರ್ಟಲ್ಲಿ ಆರು ಅಂತ ಬರ್ಕೊಟ್ಟಿದ್ದೀವಿ. ಐದು ತಿಂಗಳು ಕಣೇ. ಅಷ್ಟು ತಡ್ಕೋ."

"ತಡ್ಕೊಂಡೇ ಇದ್ದೀನಲ್ಲ. ಉಪ್ಪು ಎಲ್ಲಿದೆ ಅಂತ ಹೇಳ್ಬಿಡಿ, ಇನ್ನೂ ತಡ್ಕೋತೀನಿ."

ಮರುದಿನ ಅಜ್ಜಿ ನೋಡಿದಾಗ ಉಪ್ಪಿನ ಡಬ್ಬಿ ಒಲೆಯ ಪಕ್ಕದಲ್ಲಿತ್ತು.

ಆರು ವಾರ ಕಳೆಯಿತು. ಒಂದು ಬೆಳಿಗ್ಗೆ ವಕೀಲೆ ಪತ್ರಿಕೆಯನ್ನು ಬ್ರೆಡ್ಡಿನ ತಟ್ಟೆಯ ಮೇಲೇ ಹರಡಿದಳು. ಅದರಲ್ಲಿ ರಾಜ್ಯದ ನಕ್ಷೆ ಇತ್ತು. ಕೆಲಸವಿಲ್ಲದವರು ಹೆಚ್ಚಿದ್ದಷ್ಟೂ ಜಿಲ್ಲೆಯ ಬಣ್ಣ ಗಾಢ. ದಕ್ಷಿಣದ ಕಡೆ ಹಾಲಿನ ಕೆನೆಯ ಬಣ್ಣ, ಉತ್ತರಕ್ಕೆ ಬರಬರುತ್ತ ಇಟ್ಟಿಗೆ ಕೆಂಪು.

"ನೋಡಿ, ನಮ್ಮ ಜಿಲ್ಲೆ ತಿಳಿಯಾಗಿದೆ. ಹೋದ ಸಲ ಹತ್ತೂವರೆ ಇತ್ತು, ಈಗ ಒಂಬತ್ತು ಮುಕ್ಕಾಲು. 'ಪರಿಸ್ಥಿತಿ ಸುಧಾರಣೆ' ಅಂತ ಬರೆದಿದಾರೆ."

"ಸುಧಾರಣೆ ಎಲ್ಲಿ?" ಟರ್ನರ್ ನಕ್ಷೆಯನ್ನು ಎಳೆದುಕೊಂಡ. "ಯಾರಿಗೆ ಸಿಕ್ತು ಕೆಲಸ? ವೆಲ್ಡರಿಗೆ ಸಿಕ್ತಾ? ಕ್ರೇನಿನವನಿಗೆ ಸಿಕ್ತಾ?"

"ಯಾರಿಗೂ ಇಲ್ಲ. ಆದ್ರೆ ಹತ್ತಕ್ಕಿಂತ ಕೆಳಗೆ ಬಂತಲ್ಲ ಅಪ್ಪ." ಅವಳ ದನಿ ತಗ್ಗಿತು. "ಹತ್ತಕ್ಕಿಂತ ಕೆಳಗಾದ್ರೆ ಭತ್ಯೆ ವರ್ಷ ಅಲ್ಲ. ಎಂಟೇ ತಿಂಗಳು."

ಸೊಸೆ ಲೋಟ ಕೆಳಗಿಟ್ಟು ಬೆರಳೆಣಿಸಿದಳು. ಎಂಟು ತಿಂಗಳು ತುಂಬಲು ಹದಿನೈದು ದಿನವೂ ಇರಲಿಲ್ಲ.

ಅಜ್ಜಿಗೆ ಟ್ಯಾಬ್ಲೆಟ್ಟಿನ ಹುಡುಗಿ ನೆನಪಾದಳು. ಮಗ ಸೊಸೆ ಎದ್ದು ಹೋದ ಮೇಲೆ ಮೊಮ್ಮಗಳನ್ನು ಕರೆದಳು. "ಈ ಲೆಕ್ಕ ಎಲ್ಲಿಂದ ಬರತ್ತೆ? ಮನೆಮನೆಗೂ ಹೋಗಿ ಎಣಿಸ್ತಾರಾ?"

"ಎಲ್ಲಾ ಮನೆಗೂ ಹೇಗೆ ಹೋಗ್ತಾರೆ ಅಜ್ಜಿ? ಕೆಲವು ಮನೆ ಆರಿಸ್ತಾರೆ. ಒಂದು ಮನೆ ಹೇಳಿದ್ದು ಅಂಥ ಏಳ್ನೂರು ಮನೆ ಹೇಳಿದ ಹಾಗೆ."

"ಏಳ್ನೂರು?"

"ಹೂಂ. ಯಾಕೆ?"

"ಸುಮ್ನೆ ಕೇಳ್ದೆ," ಎಂದಳು ಅಜ್ಜಿ. ಎಂಟು ಮನೆಯ ಲೆಕ್ಕ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನವಿಡೀ ಡಜನ್ನುಗಳಲ್ಲಿ ಎಣಿಸಿದ ತಲೆ ಅದು. ಬಟಾಣಿ ಬಿಡಿಸುತ್ತ ಆಡಿದ ಮಾತು ಐದು ಸಾವಿರದ ಆರುನೂರು ಮನೆಯ ಗಂಡಸರಿಗೆ ಒಂದೇ ಬೆಳಿಗ್ಗೆ ಕೆಲಸ ಕೊಡಿಸಿತ್ತು.

ಮೂರು ದಿನ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ನಾಲ್ಕನೆಯ ದಿನ ಕಚೇರಿಯಿಂದ ಕಾಗದ ಬಂತು. ಭತ್ಯೆ ಈ ತಿಂಗಳಿಗೆ ಕೊನೆ ಎಂದಿತ್ತು. ಟರ್ನರ್ ಅದನ್ನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಸರಿಯಾಗಿ ಕೂಡಿಸಿ ಮೇಜಿನ ಮೇಲಿಟ್ಟ.

"ಯಾವನೋ ಕೂತಲ್ಲೇ ಬರೆದಿದಾನೆ," ಎಂದ. "ಬೀದಿಗೆ ಬಂದು ನೋಡಿದ್ರೆ ಹೀಗೆ ಬರೀತಿದ್ನಾ?"

"ಬಂದಿದ್ಳು ಕಣೋ," ಎಂದಳು ಅಜ್ಜಿ.

ಮೂವರೂ ಅವಳತ್ತ ತಿರುಗಿದರು. ಅವಳು ಏನನ್ನೂ ಬಿಡದೆ ಹೇಳಿದಳು. ಐವತ್ತು ಗಂಟೆ, ಮೊಟ್ಟೆ, ವೆಲ್ಡರನ ಹೆಂಡತಿ, ಎಂಟು ಮನೆ, ಎಲ್ಲವನ್ನೂ.

"ಅತ್ತೆ!" ಎಂದು ಸೊಸೆ ಹಣೆ ಹಿಡಿದುಕೊಂಡಳು. "ಆರು ಮೊಟ್ಟೆಗೆ ಸ್ವಂತ ಉದ್ಯೋಗ ಅಂತ ಬರೆಸಿದ್ರಾ?"

"ಒಂದು ಒಡೆದಿತ್ತು," ಎಂದಳು ವಕೀಲೆ. ಅಮ್ಮನ ಕಣ್ಣು ನೋಡಿ ನಾಲಿಗೆ ಕಚ್ಚಿಕೊಂಡಳು.

ಮಗ ಕೂಗಾಡಲಿಲ್ಲ. ಕೂಗಾಡಿದ್ದರೆ ಅಜ್ಜಿಗೆ ಎಷ್ಟೋ ವಾಸಿಯಾಗುತ್ತಿತ್ತು. "ನಂಗೆ ಕೆಲಸ ಇಲ್ಲ ಅಂತ ಹೇಳೋಕೆ ನಿನಗೆ ನಾಚಿಕೆ ಆಯ್ತು. ಅಷ್ಟೇ ತಾನೆ ಅಮ್ಮ?"

"ನಾಚಿಕೆ ಅಲ್ಲ ಕಣೋ..."

"ಮತ್ತೇನು?"

ಅಜ್ಜಿ ಆ ಕಾಗದದ ಮಡಿಕೆ ಬಿಚ್ಚಿ ಮತ್ತೆ ಮಡಿಸಿದಳು. "ನಾಚಿಕೆನೇ," ಎಂದಳು ಕೊನೆಗೆ. "ನಿನ್ನ ಬಗ್ಗೆ ಅಲ್ಲ. ಆ ಮಾತಿನ ಬಗ್ಗೆ."

ಅವನು ಹಿತ್ತಲಿಗೆ ಹೋದ. ಬಿಚ್ಚಲು ಅಲ್ಲಿ ಏನೂ ಉಳಿದಿರಲಿಲ್ಲ. ಬಾವಿಕಟ್ಟೆಯ ಬಳಿಯಿಂದ ಗೇಟಿನವರೆಗೆ, ಗೇಟಿನಿಂದ ಬಾವಿಕಟ್ಟೆಯವರೆಗೆ ಅವನ ಚಪ್ಪಲಿಯ ಸದ್ದು ಸಂಜೆಯವರೆಗೂ ಕೇಳಿತು.

ಶನಿವಾರ ಬೆಳಿಗ್ಗೆ ದಕ್ಷಿಣದ ಬಸ್ಸಿಗೆ ಅವನು ಹೊರಟ. ಹೊರಡುವ ಮುಂಚೆ ಬಟ್ಟೆಯಲ್ಲಿ ಸುತ್ತಿದ ಉಕ್ಕಿನ ಅಳತೆಗೋಲನ್ನು, ಅವನು ವರ್ನಿಯರ್ ಎನ್ನುತ್ತಿದ್ದುದನ್ನು, ಅಜ್ಜಿಯ ಕೈಗೆ ಕೊಟ್ಟ.

"ಇದು ಇಲ್ಲೇ ಇರ್ಲಿ. ಬಾಟ್ಲಿಗೆ ಬೇಕಾಗಲ್ಲ. ಶೆಡ್ಡು ತೆರೆದ್ರೆ ಬೇಕು."

"ಆರು ಜನದಲ್ಲಿ ನಿನ್ನ ಜಾಗ?"

"ಇಟ್ಟಿರ್ತೀವಿ ಅಂದಿದಾರೆ. ವೆಲ್ಡರ್ ಕೂಡ ಮುಂದಿನ ವಾರ ಹೊರಡ್ತಾನೆ. ಜಾಗ ಇಟ್ಟಿರೋರಾದ್ರೂ ಉಳೀತಾರೋ ಇಲ್ವೋ." ಅಷ್ಟು ಹೇಳಿ, ಮಗಳ ಜಡೆ ಎಳೆದು, ಹೆಂಡತಿಯ ಕಡೆ ನೋಡಿದ. "ಡಬ್ಬಿಗಳನ್ನ ಹೇಗೆ ಬೇಕೋ ಹಾಗೆ ಇಟ್ಕೋ."

ಸೊಸೆ ಮಿಕ್ಕ ಡಬ್ಬಿಗಳನ್ನು ಮುಟ್ಟಲಿಲ್ಲ. ಚಿಕ್ಕದರಿಂದ ದೊಡ್ಡದಕ್ಕೆ ಅವು ಹಾಗೆಯೇ ನಿಂತಿದ್ದವು. ಅವಳು ದಿನವೂ ತಪ್ಪು ಡಬ್ಬಿ ತೆರೆಯುತ್ತಿದ್ದಳು, ದಿನವೂ ಬೈದುಕೊಳ್ಳುತ್ತಿದ್ದಳು.

ಈಗ ಭಾನುವಾರದ ಫೋನು ಅವನದೇ. ರಬ್ಬರ್ ಬೂಟು ಕೊಟ್ಟಿದ್ದಾರೆ, ನೆಲ ಯಾವಾಗಲೂ ಒದ್ದೆ, ಒಂದು ಕೋಣೆಯಲ್ಲಿ ಐದು ಜನ, ಸಂಬಳದ ಅರ್ಧ ಆ ಕೋಣೆಗೇ ಹೋಗುತ್ತದೆ ಎನ್ನುತ್ತಿದ್ದ. "ಇಲ್ಲಿ ಕೆಲಸ ಇದೆ, ಮಲಗೋಕೆ ಜಾಗ ಇಲ್ಲ. ಅಲ್ಲಿ ಜಾಗ ಇದೆ, ಕೆಲಸ ಇಲ್ಲ. ಎರಡನ್ನೂ ಒಂದೇ ಊರಲ್ಲಿಡೋಕೆ ಯಾರಿಗೂ ತೋಚಲಿಲ್ಲ ನೋಡು."

"ಊಟ?" ಎಂದಳು ಅಜ್ಜಿ.

"ಮಾಡ್ತೀನಿ ಅಮ್ಮ."

"ಏನು ಮಾಡ್ತೀಯ?"

"ಮಾಡ್ತೀನಿ ಅಂದ್ನಲ್ಲ."

ಅಜ್ಜಿಯ ಕಾಲು ಮನೆಯಲ್ಲಿ ನಿಲ್ಲದಾಯಿತು. ಮೊದಲು ಎಂಟು ಮನೆಗೂ ಹೋಗಿ ಬಂದಳು. "ಆ ಹುಡುಗಿ ಮತ್ತೆ ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿ. ನಾನು ಅವತ್ತು ಹೇಳಿದ್ದು ತಪ್ಪು," ಎಂದು ಒಂದೊಂದು ಹೊಸ್ತಿಲಲ್ಲೂ ನಿಂತು ಹೇಳಿದಳು. ಅಷ್ಟರಲ್ಲಿ ಮೂರು ಮನೆಯ ಗಂಡಸರು ದಕ್ಷಿಣಕ್ಕೆ ಹೋಗಿಯಾಗಿತ್ತು.

ಆಮೇಲೆ ಅವಳು ಸೂಜಿಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಪೇಟೆಗೆ ಹೊರಟಳು. ಕೋರ್ಟಿನ ತಾರೀಖಿಗೆ ಎರಡು ತಿಂಗಳು ಚಿಲ್ಲರೆ ಉಳಿದಿತ್ತು. ತನಗೊಂದು ಕೆಲಸ ಸಿಕ್ಕಿದರೆ ಆ ಎರಡು ತಿಂಗಳ ಮಟ್ಟಿಗಾದರೂ ಮಗನನ್ನು ವಾಪಸು ಕರೆಸಬಹುದು ಎಂಬ ಆಸೆ ಅವಳದು. ಮೊದಲ ಟೈಲರ್ ಕತ್ತರಿಯಿಂದ ತಲೆ ಎತ್ತಲಿಲ್ಲ. ಎರಡನೆಯವನು ಕುರ್ಚಿ ಕೊಟ್ಟು, ಚಹಾ ತರಿಸಿ, "ಗುಂಡಿಗೆ ಈಗ ಮಷೀನಿದೆ ಅಜ್ಜಿ," ಎಂದ.

"ನಿನ್ನ ಮಷೀನು ಹಾಕಿದ ಗುಂಡಿ ಮೂರು ಒಗೆತಕ್ಕೆ ಉದುರತ್ತೆ. ಆಗ ಮತ್ತೆ ಯಾರು ಹಾಕ್ತಾರೆ?"

"ಯಾರೂ ಹಾಕಲ್ಲ. ಹೊಸ ಅಂಗಿ ತಗೋತಾರೆ."

ಮೂರನೆಯ ಅಂಗಡಿಯಾಕೆ ಒಂದು ಚೀಟಿಯಲ್ಲಿ ಮನೆಯ ಫೋನ್ ನಂಬರು ಬರೆದುಕೊಂಡಳು. ಆ ಚೀಟಿಯನ್ನು ಎಲ್ಲಿಡುತ್ತಾಳೆ ಎಂದು ಅಜ್ಜಿ ನೋಡಿದಳು. ಬಿಲ್ಲುಗಳ ಮುಳ್ಳಿಗೆ ಚುಚ್ಚಿದಳು, ಕಸದ ಬುಟ್ಟಿಗೆ ಹಾಕಲಿಲ್ಲ. ಅಜ್ಜಿ ಪ್ರತಿ ಗುರುವಾರ ಹೋಗಿ ಚೀಟಿ ಅಲ್ಲೇ ಇದೆಯೇ ಎಂದು ನೋಡಿ ಬರತೊಡಗಿದಳು.

ಮೂರು ತಿಂಗಳಿಗೆ ಸರಿಯಾಗಿ, ಮತ್ತೊಂದು ಮಂಗಳವಾರ, ಹುಡುಗಿ ಬಂದಳು. ಸೊಸೆಗೆ ಅಂದು ರಜೆ, ಮೊಮ್ಮಗಳಿಗೆ ಪರೀಕ್ಷೆ ಮುಗಿದಿತ್ತು. ಅಜ್ಜಿ ಬಾಗಿಲಲ್ಲೇ ಗುಂಡಿ ನೋಡಿದಳು. ಮೇಲಿಂದ ಎರಡನೆಯದರ ಜಾಗದಲ್ಲಿ ಪಿನ್ನು.

"ಹೇಳಿದ್ನಾ ಇಲ್ವಾ? ಬಾ, ಹತ್ರ ಕೂತ್ಕೋ." ಅಜ್ಜಿ ಸೂಜಿಪೆಟ್ಟಿಗೆ ತೆರೆದು, ಅದೇ ಬಣ್ಣದ ಗುಂಡಿಯೊಂದನ್ನು ಆರಿಸಿದಳು. ವಕೀಲೆ ದಾರ ಪೋಣಿಸಿ ಕೊಟ್ಟಳು.

"ಕದಲಬೇಡ. ಈಗ ಕೇಳು ನಿನ್ನ ಪ್ರಶ್ನೆ. ಈ ಸಲ ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

"ಮನೇಲಿ ಎಷ್ಟು ಜನ ಅಜ್ಜಿ? ನಾಲ್ಕೇ ತಾನೆ?"

"ನಾಲ್ಕು."

"ಅತ್ತೆ," ಎಂದಳು ಸೊಸೆ ಮೆಲ್ಲಗೆ.

"ನಾಲ್ಕೇ. ಅವನು ದಕ್ಷಿಣಕ್ಕೆ ಹೋಗಿದಾನೆ, ಅಷ್ಟೇ. ಅವನಿಗೆ ಕೆಲಸ ಇಲ್ಲ ಅಂತ ಬರ್ಕೋ. ಹೋದ ಸಲ ನಾನು ಸುಳ್ಳು ಹೇಳಿದ್ದೆ."

ಹುಡುಗಿ ಕತ್ತು ಅಲ್ಲಾಡಿಸದೆ ಕೇಳಿದಳು, "ವಾರದಲ್ಲಿ ಹೆಚ್ಚು ದಿನ ಎಲ್ಲಿ ಮಲಗ್ತಾರೆ?"

"ಅಲ್ಲೇ."

"ಅಲ್ಲಿ ಸಂಬಳ ಬರತ್ತಾ?"

"ಬರತ್ತೆ."

"ಹಾಗಾದ್ರೆ ಅವರ ಲೆಕ್ಕ ಆ ಜಿಲ್ಲೇಲಿ ಅಜ್ಜಿ. ಇಲ್ಲಿ ಮೂರೇ ಜನ." ಹುಡುಗಿಗೆ ಹೇಳಲು ಬೇಸರವಾದಂತಿತ್ತು. "ಈ ಮನೇಲಿ ಕೆಲಸ ಇಲ್ಲದೋರು ಯಾರೂ ಇಲ್ಲ ಅಂತ ಆಗತ್ತೆ. ನಿಮ್ಮ ಬೀದೀಲಿ ಇನ್ನೂ ಮೂರು ಮನೆ ಹೀಗೇ ಆಯ್ತು."

ಅಜ್ಜಿಯ ಸೂಜಿ ಗುಂಡಿಯ ಮೂರನೆಯ ತೂತಿನಲ್ಲಿ ನಿಂತಿತು. ಸುಳ್ಳಿಗೂ ಅದೇ ಲೆಕ್ಕ, ನಿಜಕ್ಕೂ ಅದೇ ಲೆಕ್ಕ. ಒಲೆಯ ಮೇಲೆ ಹಾಲು ಉಕ್ಕಿತು. ಸೊಸೆ ಎದ್ದು ಓಡಿದಳು.

"ನೀವು ಅಜ್ಜಿ?" ಹುಡುಗಿ ಮುಂದಿನ ಸಾಲಿಗೆ ಬೆರಳು ಇಟ್ಟಳು. "ಕಳೆದ ವಾರ ಒಂದು ಗಂಟೆಯಾದ್ರೂ ಕೆಲಸ ಮಾಡಿದ್ರಾ?"

"ಇಲ್ಲ."

"ಸಿಕ್ಕಿದ್ರೆ ಮಾಡ್ತೀರಾ?"

"ಇವತ್ತೇ ಮಾಡ್ತೀನಿ."

ಹುಡುಗಿಯ ಬೆರಳು ತಡವರಿಸಿತು. "ಕಳೆದ ನಾಲ್ಕು ವಾರದಲ್ಲಿ ಹುಡುಕಿದ್ರಾ? ಸುಮ್ನೆ ಆಸೆ ಇದ್ರೆ ಆಗಲ್ಲ, ಹೋಗಿ ಕೇಳಿರ್ಬೇಕು."

"ಮೂರು ಅಂಗಡಿ ಕೇಳಿದ್ದೀನಿ. ಮೂರನೇದರಲ್ಲಿ ನನ್ನ ಚೀಟಿ ಮುಳ್ಳಿನಲ್ಲಿದೆ. ಹೋಗಿ ನೋಡ್ಕೊಂಡು ಬಾ ಬೇಕಾದ್ರೆ."

ಅಡುಗೆಮನೆಯ ಬಾಗಿಲಲ್ಲಿ ಸೊಸೆ ಪಾತ್ರೆ ಹಿಡಿದು ನಿಂತುಬಿಟ್ಟಳು. ಸೂಜಿಪೆಟ್ಟಿಗೆ ಗುರುವಾರ ಗುರುವಾರ ಎಲ್ಲಿಗೆ ಹೋಗುತ್ತಿತ್ತು ಎಂಬುದು ಅವಳಿಗೆ ಈಗಷ್ಟೇ ತಿಳಿದಿತ್ತು.

"ವಯಸ್ಸು?" ಎಂದಳು ಹುಡುಗಿ.

"ಎಪ್ಪತ್ತೊಂದು. ಶಿಫ್ಟ್ ಬದಲಾಗಿಲ್ಲ ತಾಯಿ, ನಂಗೆ ಕೆಲಸ ಇಲ್ಲ. ಹಾಗೇ ಬರ್ಕೋ."

ಹುಡುಗಿ ಒಮ್ಮೆ ಒತ್ತಿದಳು. ವಕೀಲೆ ಅಜ್ಜಿಯ ಭುಜಕ್ಕೆ ಒರಗಿ ಪರದೆಯನ್ನು ಇಣುಕಿದಳು. "ಅಜ್ಜಿ, ಈಗ ನಿನ್ನಂಥೋರು ಏಳ್ನೂರು ಜನ."

"ಇರ್ಲಿ. ಅಷ್ಟೂ ಜನ ಒಟ್ಟಿಗೆ ಹೋಗಿ ಆ ಟೈಲರನ್ನ ಕೇಳ್ತೀವಿ."

ಅಜ್ಜಿ ದಾರವನ್ನು ಗುಂಡಿಯ ಕೊರಳಿಗೆ ಮೂರು ಸುತ್ತು ಸುತ್ತಿ, ಗಂಟು ಹಾಕಿ, ಹುಡುಗಿಯ ಎದೆಯ ಬಳಿ ಬಾಗಿ ಹಲ್ಲಿನಿಂದ ಕಡಿದಳು. ಗುಂಡಿ ಜಗ್ಗಿ ನೋಡಿದಳು. ಅದು ಅಲುಗಲಿಲ್ಲ.

"ಎಷ್ಟು ಕೊಡ್ಲಿ ಅಜ್ಜಿ?" ಎಂದು ಹುಡುಗಿ ಚೀಲಕ್ಕೆ ಕೈಹಾಕಿದಳು.

"ಹುಚ್ಚಿ!" ಅಜ್ಜಿ ಅವಳ ಕೈಯನ್ನು ಹಿಡಿದು ಚೀಲದಿಂದ ಆಚೆ ಎಳೆದಳು. "ಒಂದು ಪೈಸೆ ಕೊಟ್ಟೀಯ, ಜೋಕೆ. ಇದು ಕೆಲಸ ಅಲ್ಲ. ಇದನ್ನ ಬರ್ಕೋಬೇಡ."